ಉಳಿದ ನಾಲ್ಕು ಚುಕ್ಕಿ

ಕಿತ್ತಳೆ ಹಣ್ಣಿನ ಸಿಪ್ಪೆಯ ತುಂಬ ಸಣ್ಣ ಸಣ್ಣ ಗುಳಿಗಳಿರುತ್ತವೆ. ಹಣ್ಣಿಗೆ ಅದು ಶೋಭೆ. ಕಾರಿನ ಬಣ್ಣಕ್ಕೆ ಅದೇ ದೋಷ. ಹೊಸದಾಗಿ ಬಣ್ಣ ಹೊಡೆದ ಬಾನೆಟ್ಟಿನಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ ನೇರವಾಗಿರದೆ ನಡುಗಿದಂತೆ ಕಂಡರೆ ಗ್ಯಾರೇಜಿನವರು 'ಆರೆಂಜ್ ಪೀಲ್ ಬಂದಿದೆ' ಎನ್ನುತ್ತಾರೆ. ಬಣ್ಣ ಮಂದವಾಗಿದ್ದರೆ, ಸ್ಪ್ರೇ ಗನ್ನಿನ ಗಾಳಿಯ ಒತ್ತಡ ಸಾಲದಿದ್ದರೆ, ಬಿಸಿಲಿಗೆ ತಿನ್ನರ್ ಬೇಗ ಆರಿದರೆ, ಹನಿಗಳು ಬೆರೆತು ಸಮವಾಗುವ ಮೊದಲೇ ಗಟ್ಟಿಯಾಗಿಬಿಡುತ್ತವೆ.

ಇದಕ್ಕೆ ಮದ್ದು, ನೀರು ಹಾಕಿ ಉಜ್ಜುವುದು. ಬಣ್ಣ ಪೂರ್ತಿ ಒಣಗಿದ ಮೇಲೆ, ನೀರಿನಲ್ಲಿ ನೆನೆಸಿದ 1500 ನಂಬರಿನ ವಾಟರ್ ಪೇಪರನ್ನು ರಬ್ಬರ್ ತುಂಡಿಗೆ ಸುತ್ತಿ ಹಗುರವಾಗಿ ಉಜ್ಜುತ್ತಾರೆ. ಆಮೇಲೆ 2000, ಕೊನೆಗೆ 3000. ನಂಬರು ಏರಿದಷ್ಟೂ ಕಾಗದ ನಯ. ಸವೆದ ಪುಡಿಯನ್ನು ನೀರು ಕೊಚ್ಚಿ ಒಯ್ಯದಿದ್ದರೆ ಆ ಪುಡಿಯೇ ಉಂಡೆಗಟ್ಟಿ ಗೀರು ಎಳೆಯುತ್ತದೆ.

ಕೆಲಸ ಕಲಿಯಲು ಬಂದ ಹುಡುಗನಿಗೆ ಇದೆಲ್ಲ ಬೇಗನೆ ಕೈಗೆ ಹತ್ತುತ್ತದೆ. ಹತ್ತದಿರುವುದು ಒಂದೇ: ಎಲ್ಲಿ ನಿಲ್ಲಿಸಬೇಕೆಂಬುದು. ನೀರು ಒರೆಸಿ ನೋಡಿದರೆ ಸಮವಾದ ಜಾಗ ಮಂಕಾಗಿರುತ್ತದೆ. ತಗ್ಗಾಗಿ ಉಳಿದ ಗುಳಿಗಳು ಮಾತ್ರ ಚುಕ್ಕಿಗಳಂತೆ ಹೊಳೆಯುತ್ತವೆ. ಆ ಚುಕ್ಕಿಗಳು ಅವನ ಕಣ್ಣು ಕುಕ್ಕುತ್ತವೆ.

"ಸಾಕು ಬಿಡೋ" ಎನ್ನುತ್ತಾನೆ ಮೇಸ್ತ್ರಿ.

"ಇನ್ನೂ ನಾಲ್ಕು ಚುಕ್ಕಿ ಉಳಿದಿವೆ ಅಣ್ಣ."

"ಉಳೀಲಿ. ಉಜ್ಜಿ ತೆಗೆದದ್ದನ್ನ ವಾಪಸ್ ಅಂಟಿಸೋಕಾಗುತ್ತೇನೋ?"

ಈ ಮಾತಿನ ಹಿಂದೆ ಲೆಕ್ಕವಿದೆ. ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸಾಮಾನ್ಯವಾಗಿ 40–50 ಮೈಕ್ರಾನ್ ದಪ್ಪ, ತಲೆಗೂದಲಿಗಿಂತ ತೆಳು. ಬಿಸಿಲಿನ ನೇರಳಾತೀತ ಕಿರಣಗಳಿಂದ ಕೆಳಗಿನ ಬಣ್ಣವನ್ನು ಕಾಯುವುದು ಅದೇ. ಅಂಚುಗಳಲ್ಲಿ ಒತ್ತಡವೆಲ್ಲ ಒಂದೇ ಗೆರೆಯ ಮೇಲೆ ಬೀಳುವುದರಿಂದ ಪದರ ಬೇಗ ಹರಿಯುತ್ತದೆ. ಆದ್ದರಿಂದಲೇ ಅಲ್ಲಿ ಮೊದಲೇ ಟೇಪು ಅಂಟಿಸುತ್ತಾರೆ. ಹರಿದದ್ದು ಕೂಡಲೇ ಕಣ್ಣಿಗೆ ಬೀಳುತ್ತದೆ. ಹರಿಯದೆ ತೀರ ತೆಳುವಾದದ್ದು ಹಾಗಲ್ಲ. ಕಾಂಪೌಂಡ್ ಹಾಕಿ ಪಾಲಿಶ್ ಮಾಡಿದ ದಿನ ಅದೂ ಕನ್ನಡಿಯಂತೆಯೇ ಹೊಳೆಯುತ್ತದೆ. ಮಾಲೀಕ ಮೆಚ್ಚಿ ಹಣ ಕೊಡುತ್ತಾನೆ. ಕೆಲವು ಬೇಸಿಗೆ ಕಳೆದ ಮೇಲೆ ಬಣ್ಣ ಮಾಸುತ್ತದೆ, ಪದರ ಚಕ್ಕೆಚಕ್ಕೆಯಾಗಿ ಏಳುತ್ತದೆ.

100ಕ್ಕೆ 96 ಬಂದ ಅಂಕಪಟ್ಟಿಯನ್ನು ಮುಂದಿಟ್ಟುಕೊಂಡು ಉಳಿದ ನಾಲ್ಕರ ಬಗ್ಗೆಯೇ ವಿಚಾರಿಸುವ ಮನೆಗಳುಂಟು. ಟ್ಯೂಷನ್ನು, ಅದರ ಮೇಲೊಂದು ಟ್ಯೂಷನ್ನು, ಬೆಳಗಿನ ಜಾವಕ್ಕೆ ಅಲಾರಂ. ಫಲಿತಾಂಶದ ದಿನ ಹೊಳಪು ಬಂದರೂ ಬರಬಹುದು. ಮಕ್ಕಳನ್ನು ಉಜ್ಜಲೇಬಾರದೆಂದಲ್ಲ; ಉಜ್ಜದೆ ಹೊಳಪಿಲ್ಲ. ಆದರೆ ಮೇಸ್ತ್ರಿ ಆಗಾಗ ಕೈ ತೆಗೆದು, ನೀರು ಒರೆಸಿ, ಬಗ್ಗಿ ನೋಡುತ್ತಾನೆ. ಗುಳಿ ಎಷ್ಟು ಉಳಿಯಿತು ಎನ್ನುವುದಕ್ಕಿಂತ ಪದರ ಎಷ್ಟು ಉಳಿದೀತು ಎಂಬುದೇ ಅವನ ಚಿಂತೆ.