ಟೇಬಲ್ ಕಾಲಿನ ಕೆಳಗಿನ ಇಟ್ಟಿಗೆ

(1/5)
ಫೋಟೋದಲ್ಲಿ ನಿಮಗೆ ಮೊದಲು ಏನು ಕಾಣ್ತು? ವೀಲ್‌ಚೇರಾ? ಗೋಡೆಗೆ ನೇತಾಕಿರೋ ತಾಮ್ರದ ತಂತಿ ಸುರುಳಿನಾ? ಸ್ವಲ್ಪ ಕೆಳಗೆ ನೋಡಿ. ಟೇಬಲ್ಲಿನ ನಾಲ್ಕೂ ಕಾಲಿನ ಕೆಳಗೆ ಒಂದೊಂದು ಇಟ್ಟಿಗೆ ಇದೆ. ಇವತ್ತಿನ ಕತೆ ಆ ಇಟ್ಟಿಗೆಗಳದ್ದು.

ಊರು ಪೂರಿಗಾಲಿ. ಮಳವಳ್ಳಿ ತಾಲ್ಲೂಕು, ಮಂಡ್ಯ ಜಿಲ್ಲೆ. ಹನಿ ನೀರಾವರಿ ಯೋಜನೆ ಸುದ್ದಿಯಲ್ಲಿ ನಮ್ಮೂರ ಹೆಸರು ಓದಿರ್ತೀರಿ. ಅಂಗಡಿ, ಸುಟ್ಟ ಪಂಪ್‌ಸೆಟ್ ಮೋಟರ್‌ಗೆ ವೈಂಡಿಂಗ್ ಮಾಡೋ ಅಂಗಡಿ. ಕೂತಿರೋರು ನನ್ನ ಸೋದರಮಾವ. ಸೇನೆಯ ಇಎಂಇಯಲ್ಲಿ, ಅಂದ್ರೆ ಗಾಡಿ, ಯಂತ್ರ ಎಲ್ಲ ರಿಪೇರಿ ಮಾಡೋ ದಳದಲ್ಲಿ, ಎಲೆಕ್ಟ್ರಿಷಿಯನ್ ಆಗಿದ್ರು. ಬೆಟ್ಟದ ರಸ್ತೇಲಿ ಗಾಡಿ ಉರುಳಿ ಬೆನ್ನುಹುರಿಗೆ ಪೆಟ್ಟಾಯ್ತು. ಸೊಂಟದಿಂದ ಕೆಳಗೆ ಅಲುಗಾಟವೂ ಇಲ್ಲ, ಮುಟ್ಟಿದ್ರೆ ಗೊತ್ತಾಗೋದೂ ಇಲ್ಲ.

ಊರಿಗೆ ಬಂದ ದಿನ ಪಟಾಕಿ ಹೊಡೆದ್ವಿ. ಹಾರ, ಶಾಲು, ಫೋಟೋ ಎಲ್ಲಾ ಆಯ್ತು. ಆಮೇಲೆ ಎರಡು ವರ್ಷ ಮಾವ ಜಗಲಿ ಮೇಲೆ ಕೂತಿದ್ರು. "ನೀವು ಆರಾಮಾಗಿರಿ ಮಾವ, ನಾವಿದ್ದೀವಲ್ಲ" ಅಂತ ನಾನು ದಿನಾ ಹೇಳ್ತಿದ್ದೆ. ಒಳ್ಳೆ ಮಾತು ಅಂದ್ಕೊಂಡೇ ಹೇಳ್ತಿದ್ದೆ.

ಒಂದು ಸಾಯಂಕಾಲ ಮಾವ ಸಿಟ್ಟಾದ್ರು. "ಲೋ ಮಗ, ಆರಾಮ್ ಆರಾಮ್ ಅಂತ ಇನ್ನೆಷ್ಟ್ ದಿನ್ಲಾ? ನನ್ ಕಾಲ್ ಓಗೈತೆ, ಕೈ ಓಗಿಲ್ಲ ಕಣ್ಲಾ."

ಆಗ ಅವರಿಗೆ ಮೂವತ್ತೇಳು ವರ್ಷ.

(2/5)
ಮಾವ ಸುಮ್ಮನೆ ಹಾಗೆ ಅನ್ನಲಿಲ್ಲ. ಪುಣೆಯ ಖಡ್ಕಿಯಲ್ಲಿರೋ ಮಿಲಿಟರಿ ಆಸ್ಪತ್ರೇಲಿ ತಿಂಗಳುಗಟ್ಟಲೆ ಇದ್ದು ಬಂದೋರು ಅವರು. ಬೆನ್ನುಹುರಿ ಪೆಟ್ಟಾದ ಸೈನಿಕರಿಗೆ ಅದು ದೊಡ್ಡ ಜಾಗ. ಅದೇ ಖಡ್ಕಿಯಲ್ಲಿ 1974ರಿಂದ ಪ್ಯಾರಾಪ್ಲೆಜಿಕ್ ಪುನರ್ವಸತಿ ಕೇಂದ್ರ ಇದೆ. ಕೈ ಕೂಡ ಆಡದ ಸೈನಿಕರು ಬಾಯಲ್ಲಿ ಕುಂಚ ಕಚ್ಚಿಕೊಂಡು ಚಿತ್ರ ಬರೆಯೋದನ್ನ ಮಾವ ಅಲ್ಲಿ ನೋಡಿದ್ರು. ಇನ್ನೊಂದು ಸಂಸ್ಥೆ ಕ್ವೀನ್ ಮೇರೀಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್. 1917ರಲ್ಲಿ, ಮೊದಲನೇ ಮಹಾಯುದ್ಧದ ಕಾಲದಲ್ಲಿ, ಗಾಯಗೊಂಡ ಸೈನಿಕರಿಗೆ ಕಸುಬು ಕಲಿಸೋಕೆ ಶುರುವಾಗಿದ್ದು. ನೂರು ವರ್ಷದ ಹಿಂದೆಯೇ ಈ ಪ್ರಶ್ನೆ ಇತ್ತು ಅಂತಾಯ್ತು: ಗಾಯ ಮಾಗಿದ ಮೇಲೆ ಇವರು ಏನು ಮಾಡಬೇಕು?

ಮುರಳೀಕಾಂತ್ ಪೇಟ್ಕರ್ ಹೆಸರು ಕೇಳಿದ್ದೀರಲ್ಲ? "ಚಂದು ಚಾಂಪಿಯನ್" ಸಿನಿಮಾ ಬಂತಲ್ಲ, ಅವರದ್ದೇ ಕತೆ. ಅವರೂ ಇಎಂಇಯವರೇ. 1965ರ ಯುದ್ಧದಲ್ಲಿ ಗುಂಡು ತಗುಲಿತು. 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಈಜಿನಲ್ಲಿ ಚಿನ್ನ ಗೆದ್ದರು. ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಅದೇ ಮೊದಲ ಚಿನ್ನ. 2018ರಲ್ಲಿ ಪದ್ಮಶ್ರೀ ಬಂತು. ಇಷ್ಟು ಎಲ್ಲರಿಗೂ ಗೊತ್ತು. ಆದ್ರೆ ಮಾವ ನನಗೆ ಹೇಳಿದ್ದು ಚಿನ್ನದ ಮಾತಲ್ಲ. "ಅವ್ರು ಪುಣೆ ಟೆಲ್ಕೋ ಫ್ಯಾಕ್ಟ್ರೀಲಿ ಕೆಲ್ಸ ಮಾಡವ್ರೆ ಕಣ್ಲಾ" ಅಂದ್ರು. ಮೆಡಲ್ ಒಂದು ದಿನದ್ದು. ಕೆಲಸ ಬೆಳಗಾದ್ರೆ ಏಳೋಕೆ ಒಂದು ಕಾರಣ.

(3/5)
ನಾನು ಕೆಲಸ ಹುಡುಕೋಕೆ ಹೊರಟೆ. ಸೇನೆಯಿಂದ ಬಂದೋರಿಗೆ ಸಾಮಾನ್ಯವಾಗಿ ಸಿಗೋದು ಸೆಕ್ಯುರಿಟಿ ಕೆಲಸ. ಅದು ನಿಂತು ಮಾಡೋ ಕೆಲಸ. ಒಂದು ಕಡೆ ಲೆಕ್ಕ ಬರೆಯೋ ಕೆಲಸ ಇತ್ತು. "ಮೆಟ್ಟಿಲಿದೆ, ಅವರಿಗೆ ಕಷ್ಟ ಆಗುತ್ತೆ" ಅಂದ್ರು. ಮೆಟ್ಟಿಲು ಎಷ್ಟಿದೆ ಅಂತ ನಾನೂ ಕೇಳಲಿಲ್ಲ, ವಾಪಸ್ ಬಂದೆ.

ನನ್ನ ತಲೆಯಲ್ಲಿ ಒಂದು ಲೆಕ್ಕ ಇತ್ತು: ಮೊದಲು ಪೂರ್ತಿ ಹುಷಾರಾಗಲಿ, ಆಮೇಲೆ ಕಂಪ್ಯೂಟರ್ ಕಲೀಲಿ, ಆಮೇಲೆ ಕೆಲಸ. ಈ ಲೆಕ್ಕ ತಲೆಕೆಳಗು ಅಂತ ಗೊತ್ತಾಗಿದ್ದು ಅಮೆರಿಕದ ಒಂದು ಅಧ್ಯಯನದ ಬಗ್ಗೆ ಓದಿದಾಗ. ಬೆನ್ನುಹುರಿ ಪೆಟ್ಟಾದ 201 ಮಾಜಿ ಸೈನಿಕರ ಮೇಲೆ ಮಾಡಿದ್ದು, 2012ರಲ್ಲಿ ಪ್ರಕಟವಾಯ್ತು. ಕೆಲವರಿಗೆ ಮೊದಲೇ ನಿಜವಾದ ಕೆಲಸ ಹುಡುಕಿ, ಕೆಲಸಕ್ಕೆ ಸೇರಿದ ಮೇಲೂ ಒಬ್ಬರು ಜೊತೆಗಿದ್ದು ಸಹಾಯ ಮಾಡಿದ್ರು. ಅದೇ ಆಸ್ಪತ್ರೆಗಳಲ್ಲಿ ಮಾಮೂಲಿ ಸಹಾಯ ಪಡೆದೋರಿಗೆ ಹೋಲಿಸಿದ್ರೆ, ಇವರಿಗೆ ಕೆಲಸ ಸಿಗೋ ಸಾಧ್ಯತೆ ಎರಡೂವರೆ ಪಟ್ಟು ಜಾಸ್ತಿ ಇತ್ತು. ಎಲ್ಲರಿಗೂ ಸಿಗಲಿಲ್ಲ, ಅದೂ ನಿಜ. ಆದ್ರೆ ದಾರಿ ಯಾವುದು ಅಂತ ತಿಳೀತು.

ಹಾಗಾಗಿ ಮಾವನ ಕೈಗೆ ಗೊತ್ತಿರೋ ಕೆಲಸ ಊರಲ್ಲೇ ಎಲ್ಲಿದೆ ಅಂತ ನೋಡಿದೆ. ಬೇಸಿಗೆ ಬಂತು ಅಂದ್ರೆ ನಮ್ಮ ಕಡೆ ಬೋರ್‌ವೆಲ್ ಮೋಟರ್ ಸುಡ್ತಾನೇ ಇರ್ತವೆ. ಸುಟ್ಟ ಕಾಯಿಲ್ ಬಿಚ್ಚಿ, ಸುತ್ತು ಎಣಿಸಿ, ಅದೇ ಗೇಜಿನ ತಂತಿ ಸುತ್ತಿ, ಪೇಪರ್ ಹಾಕಿ ಕೂರಿಸಬೇಕು. ಎಲ್ಲಾ ಕೂತು ಮಾಡೋ ಕೆಲಸ. ಅಂಗಡಿಯವರು ಒಂದೇ ಮಾತು ಹೇಳಿದ್ರು: "ಮೋಟ್ರು ಎತ್ತೋದು ನಮ್ ಹುಡ್ಗರು ನೋಡ್ಕತಾರೆ. ಅಣ್ಣಂಗೆ ಏನೇನ್ ಬೇಕು ನೀನೇಳು."

ಏನೇನು ಬೇಕಾಯ್ತು ಗೊತ್ತಾ? ವೀಲ್‌ಚೇರಿನ ಕೈಪಿಡಿ ಟೇಬಲ್‌ಗೆ ತಾಗಿ ಮಂಡಿ ಒಳಗೆ ಹೋಗ್ತಿರಲಿಲ್ಲ, ಅದಕ್ಕೆ ನಾಲ್ಕು ಇಟ್ಟಿಗೆ. ಹೊಸ್ತಿಲು ಎಂಟು ಇಂಚು ಎತ್ತರ, ಅದಕ್ಕೆ ಎಂಟು ಅಡಿ ಉದ್ದದ ಇಳಿಜಾರು. ಒಂದು ಇಂಚಿಗೆ ಹನ್ನೆರಡು ಇಂಚು ಲೆಕ್ಕ. ಕೊನೇದು ಟಾಯ್ಲೆಟ್. ಇದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ, ನಾನು ಹೇಳ್ತೀನಿ. ಇಂಥ ಪೆಟ್ಟಾದೋರಿಗೆ ಮೂತ್ರ ಬಂದಿದ್ದು ಗೊತ್ತಾಗಲ್ಲ, ನಾಲ್ಕರಿಂದ ಆರು ಗಂಟೆಗೊಮ್ಮೆ ನಳಿಗೆ ಹಾಕಿ ತಾವೇ ತೆಗೀಬೇಕು. ಗಾಲಿಕುರ್ಚಿ ಒಳಗೆ ಹೋಗೋ ಬಾಗಿಲು, ಕೈತೊಳೆಯೋಕೆ ನೀರು, ಒಳಗಿಂದ ಚಿಲಕ. ಇವಿಲ್ಲದ ಕಡೆ ಎಂಥ ಕೆಲಸಗಾರನೂ ಅರ್ಧ ದಿನಕ್ಕಿಂತ ಹೆಚ್ಚು ಉಳಿಯಲ್ಲ.

(4/5)
ಇಲ್ಲಿಗೆ ಮುಗಿದಿದ್ರೆ ಚೆನ್ನಾಗಿರೋದು. ಮುಗೀಲಿಲ್ಲ.

ಮೊದಲ ಬೇಸಿಗೆ ಅಂಗಡೀಲಿ ಮೋಟರ್ ರಾಶಿ ಬಿತ್ತು. ಪೈರು ಒಣಗ್ತಿದೆ ಅಂತ ರೈತರು ಬಾಗಿಲಲ್ಲೇ ನಿಲ್ಲೋರು. ಮಾವ ಬೆಳಗ್ಗೆ ಕೂತ್ರೆ ಮಧ್ಯಾಹ್ನದವರೆಗೆ ಅಲುಗಾಡ್ತಿರಲಿಲ್ಲ. ನಮಗೆ ಕೂತು ಕೂತು ನೋವಾದ್ರೆ ಗೊತ್ತಿಲ್ಲದೇ ಪಕ್ಕಕ್ಕೆ ಸರೀತೀವಿ. ಅವರಿಗೆ ನೋವೇ ಇಲ್ಲ. ರಕ್ತ ಓಡದೆ ಚರ್ಮ ಒಳಗೊಳಗೇ ಸಾಯುತ್ತೆ.

ದಿನಾ ರಾತ್ರಿ ಚರ್ಮ ನೋಡೋ ಕೆಲಸ ನಂದು. ಆ ವಾರ ನಾನು ನೋಡಲಿಲ್ಲ. "ಸುಸ್ತಾಗಿದೆ, ನಾಳೆ ನೋಡೋಣ" ಅಂದೆ, ಮಾವನೂ ಸರಿ ಅಂದ್ರು. ಜ್ವರ ಬಂದಾಗ ನೋಡಿದ್ರೆ ಕೂರೋ ಮೂಳೆ ಹತ್ರ ರೂಪಾಯಿ ಅಗಲದ ಹುಣ್ಣು. ಎರಡು ತಿಂಗಳು ಬೋರಲು ಮಲಗಬೇಕಾಯ್ತು. ಅತ್ತೆ ನನ್ನ ಬೈಯ್ಯಲಿಲ್ಲ. ಬೈದಿದ್ರೆ ವಾಸಿ ಇತ್ತು.

ಕೆಲಸ ಹೋಯ್ತು ಅಂತಲೇ ಅಂದ್ಕೊಂಡಿದ್ವಿ. ಒಂದಿನ ಅಂಗಡಿಯವರು ಮನೆಗೆ ಬಂದ್ರು. ಮಂಚದ ಪಕ್ಕ ನೆಲದ ಮೇಲೇ ಕೂತು, "ಟೇಬಲ್ ತೆಗ್ದಿಲ್ಲ ಕಣಣ್ಣ. ಇಟ್ಟಿಗೆ ಅಂಗೇ ಐತೆ" ಅಂದ್ರು. ಮಾವ ಮುಖ ದಿಂಬಿಗೆ ಒತ್ತಿಕೊಂಡ್ರು. ಆವತ್ತಿಂದ ಅಂಗಡಿ ಹುಡುಗರಿಗೆ ಸುತ್ತಿನ ಲೆಕ್ಕದಲ್ಲಿ ಅನುಮಾನ ಬಂದ್ರೆ ವಿಡಿಯೋ ಕಾಲ್. ಮಾವ ಮಲಗಿದ್ದಲ್ಲಿಂದಲೇ ಬೈದು ಹೇಳಿಕೊಡೋರು.

(5/5)
ಈಗ ಬೆಳಗ್ಗೆ ಮೂರು ಗಂಟೆ ಮಾತ್ರ ಕೆಲಸ, ಮೋಟರ್ ಲೆಕ್ಕದಲ್ಲಿ ಕೂಲಿ. ಇಪ್ಪತ್ತು ನಿಮಿಷಕ್ಕೊಮ್ಮೆ ಫೋನಲ್ಲಿ ಅಲಾರಂ. ಹೊಡೆದ ತಕ್ಷಣ ಎರಡೂ ಕೈ ಊರಿ ಮೈ ಮೇಲೆತ್ತಿ ಕೂರ್ತಾರೆ. "ಏನಣ್ಣ ಅದು?" ಅಂತ ಯಾರಾದ್ರೂ ಕೇಳಿದ್ರೆ, "ಪರೇಡ್ ಕಣಪ್ಪ" ಅಂತಾರೆ. ಬಿಸಿ ಸೋಲ್ಡರಿಂಗ್ ಕಡ್ಡಿ ತೊಡೆ ಮೇಲೆ ಇಡಬಾರದು, ಸುಟ್ರೂ ತಿಳಿಯಲ್ಲ ಅಂತ ಗೋಡೆ ಮೇಲೆ ಬರೆದಿದ್ದೀವಿ. ರಾತ್ರಿ ಚರ್ಮ ನೋಡೋದನ್ನ ನಾನು ಮತ್ತೆ ತಪ್ಪಿಸಿಲ್ಲ.

ಖಾಸಗಿ ಅಂಗಡೀಲಿ ದುಡಿದ್ರೆ ಸೇನೆಯ ಅಂಗವಿಕಲ ಪಿಂಚಣಿ ನಿಂತು ಹೋಗುತ್ತೆ ಅಂತ ನಾವೂ ಹೆದರಿದ್ವಿ. ನಿಲ್ಲಲ್ಲ. ಏನೇ ಅನುಮಾನ ಇದ್ರೂ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯಲ್ಲಿ ಕೇಳಿ. ಸೈನಿಕರಲ್ಲದೇ ಇದ್ರೂ, ಮರದಿಂದ ಬಿದ್ದು, ಬೈಕಿಂದ ಬಿದ್ದು ಹೀಗಾದೋರು ನಿಮ್ಮೂರಲ್ಲಿದ್ರೆ, ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನ ಮಾತಾಡಿಸಿ. ಬೆಂಗಳೂರಲ್ಲಿ 1959ರಿಂದ ಎಪಿಡಿ ಸಂಸ್ಥೆ ಇದೆ, ಬೆನ್ನುಹುರಿ ಪೆಟ್ಟಾದೋರ ಜೊತೆಗೂ ಕೆಲಸ ಮಾಡ್ತಾರೆ.

ನಿಮ್ಮಲ್ಲಿ ಒಂದೇ ಕೇಳಿಕೆ. ಶಾಲು ಹೊದಿಸಿ, ಬೇಡ ಅನ್ನಲ್ಲ. ಹೊದಿಸಿದ ಮೇಲೆ "ಆರಾಮಾಗಿರಿ" ಅಂತ ಹೇಳಿ ಬರಬೇಡಿ. "ಮೊದ್ಲು ಏನು ಕೆಲಸ ಮಾಡ್ತಿದ್ರಿ?" ಅಂತ ಕೇಳಿ. ನಿಮ್ಮದೇ ಅಂಗಡಿ, ಆಫೀಸು ಇದ್ರೆ ಇವತ್ತೇ ಟೇಪ್ ಹಿಡಿದು ಹೊಸ್ತಿಲು, ಬಾಗಿಲು, ಟೇಬಲ್ ಅಳೆದು ನೋಡಿ.

ನಮ್ಮ ಮಾವನಿಗೆ ಕಡಿಮೆ ಬಿದ್ದಿದ್ದು ಮೂರೇ ಇಂಚು. ನಿಮ್ಮಲ್ಲಿ ಎಷ್ಟು ಬೀಳುತ್ತೆ? ಕಾಮೆಂಟಲ್ಲಿ ಬರೀರಿ.

#ಪೂರಿಗಾಲಿ #ಮಳವಳ್ಳಿ #ನಮ್ಮಮಂಡ್ಯ #ಮಾಜಿಸೈನಿಕ #ಬೆನ್ನುಹುರಿ