ಮಂದ್ರಕ್ಕೆ ಮುನ್ನ ಕಾವು

ಕಾರವಾರ, ಅಂಕೋಲೆಗಳ ಕರಾವಳಿಯಲ್ಲಿ ಮಂದ್ರ ನಾದದ ವಾದ್ಯಗಳು, ಅಂದರೆ ಕಿವಿಗಿಂತ ಮೊದಲು ಎದೆಗೆ ತಾಗುವ ತಗ್ಗಿನ ದನಿಯ ವಾದ್ಯಗಳು, ಕೈಗೆತ್ತಿಕೊಂಡ ಕೂಡಲೇ ಹೇಳಿದಂತೆ ಕೇಳುವುದು ಅಪರೂಪ. ಕಡಲ ಗಾಳಿಯ ತೇವ ಚರ್ಮವನ್ನು ಸಡಿಲಿಸುತ್ತದೆ, ಉಪ್ಪಿನಂಶ ಉಕ್ಕಿನ ತಂತಿಗೆ ತುಕ್ಕು ಹಿಡಿಸುತ್ತದೆ. ಆದ್ದರಿಂದ ನುಡಿಸುವ ಮೊದಲು ಕಾಯಿಸುವ ಕೆಲಸವೊಂದು ಇಲ್ಲಿ ತಲೆಮಾರುಗಳಿಂದ ನಡೆದುಬಂದಿದೆ, ಕಾಯಿಸಬೇಕಾದದ್ದು ವಾದ್ಯವನ್ನೋ ವಾದಕನನ್ನೋ ಎಂಬುದಷ್ಟೇ ಬದಲಾಗಿದೆ.

ಈ ಸೀಮೆಯ ಹಳೆಯ ಮಂದ್ರವಾದ್ಯವೆಂದರೆ ಗುಮಟೆ. ಸುಟ್ಟ ಮಣ್ಣಿನ ಈ ಮಡಕೆಗೆ ಎರಡು ಬಾಯಿಗಳಿದ್ದು, ಅಗಲವಾದ ಬಾಯಿಗೆ ಚರ್ಮ ಬಿಗಿದಿರುತ್ತದೆ, ಕಿರಿದಾದ ಇನ್ನೊಂದು ತೆರೆದೇ ಇರುತ್ತದೆ. ಒಂದು ಕೈ ಚರ್ಮವನ್ನು ಬಡಿಯುತ್ತಿರುವಾಗ ಇನ್ನೊಂದು ಕೈಯ ಅಂಗೈ ತೆರೆದ ಬಾಯಿಯನ್ನು ಮುಚ್ಚಿ ತೆರೆಯುತ್ತದೆ. ಬಾಯಿ ಮುಚ್ಚಿದಷ್ಟೂ ಒಳಗಿನ ಗಾಳಿಯ ಕಂಪನ ನಿಧಾನವಾಗಿ ದನಿ ತಗ್ಗುತ್ತದೆ, ತೆರೆದಷ್ಟೂ ಏರುತ್ತದೆ. ಈ ಕರಾವಳಿಯ ಹಾಲಕ್ಕಿ ಒಕ್ಕಲಿಗರ ಗುಮಟೆಪಾಂಗಿನಲ್ಲೂ, ಅಂದರೆ ಗುಮಟೆ ಬಡಿಯುತ್ತ ಹಾಡುವ ಹಾಡುಗಾರಿಕೆಯಲ್ಲೂ, ಫಾಲ್ಗುಣದ ಸುಗ್ಗಿ ಕುಣಿತದಲ್ಲೂ ಹಾಡನ್ನು ಹೊತ್ತು ನಡೆಯುವುದು ಈ ಏರಿಳಿತವೇ. ಹಾಲಕ್ಕಿ ಹಾಡುಗಳ ಕಣಜವೆನಿಸಿ 2017ರಲ್ಲಿ ಪದ್ಮಶ್ರೀ ಪಡೆದ ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರಿಂದಾಗಿ ಆ ಹಾಡುಗಳಿಗೆ ಹೊರನಾಡಿನಲ್ಲೂ ಹೆಸರು ಬಂತು. ಹಾಡಿನ ಅಡಿಪಾಯವಾದ ಮಡಕೆಗೆ ಅಷ್ಟು ಹೆಸರು ಬರಲಿಲ್ಲ ಎನ್ನಬೇಕು. ಕಾಳಿ ನದಿಯಾಚೆಗೆ ಸ್ವಲ್ಪ ದೂರದಲ್ಲೇ ಶುರುವಾಗುವ ಗೋವೆಯಲ್ಲಿ ಇದರ ಒಡಹುಟ್ಟಿದ ಘುಮಟವನ್ನು 2019ರಲ್ಲಿ ರಾಜ್ಯದ ಪಾರಂಪರಿಕ ವಾದ್ಯವೆಂದು ಸರ್ಕಾರವೇ ಘೋಷಿಸಿತು.

ಗುಮಟೆಗೆ ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಉಡಕ್ಕೆ ರಕ್ಷಣೆ ಕೊಟ್ಟ ಮೇಲೆ ಆಡಿನ ಚರ್ಮ ಅದರ ಜಾಗಕ್ಕೆ ಬಂದಿತಾದರೂ ತೇವದ ಕಾಟ ಮಾತ್ರ ತಪ್ಪಲಿಲ್ಲ. ಗಾಳಿಯ ನೀರನ್ನು ಹೀರಿದ ಚರ್ಮ ಭಾರವಾಗಿ ಜೋಲುತ್ತದೆ, ಹೊಡೆದರೆ ಗುಂಯ್ ಎನ್ನುವ ಬದಲು ಡಬ್ ಎನ್ನುತ್ತದೆ. ಬಿಸಿಲಿಗೋ ಒಣಹುಲ್ಲಿನ ಉರಿಗೋ ಹಿಡಿದಾಗ ನೀರು ಆರಿ, ಚರ್ಮ ಕುಗ್ಗಿ, ಬಿಗಿ ಮರಳುತ್ತದೆ. ಮೃದಂಗದ ಎಡಬದಿಯಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ: ಅಲ್ಲಿ ಕಲಸಿದ ರವೆಯನ್ನು ಮೆತ್ತಿ, ಚರ್ಮದ ತೂಕ ಹೆಚ್ಚಿಸಿ, ದನಿಯನ್ನು ಬೇಕೆಂದೇ ತಗ್ಗಿಸುತ್ತಾರೆ. ಇನ್ನು ಗುಮಟೆಯನ್ನು ಉರಿಗೆ ಹಿಡಿದವನು ಸುಮ್ಮನೆ ನಿಂತಿರುವುದಿಲ್ಲ. ಹದ ಬಂತೇ ಎಂದು ಬೆರಳಿನಿಂದ ತಟ್ಟಿ ನೋಡುತ್ತಾನೆ, ತಿರುಗಿಸುತ್ತಾನೆ, ಮತ್ತೆ ತಟ್ಟುತ್ತಾನೆ, ಹೀಗೆ ಚರ್ಮದ ಜೊತೆಗೆ ಕೈಯೂ ಕಾದಿರುತ್ತದೆ, ಅದಕ್ಕೆಂದು ಬೇರೆ ಹೊತ್ತು ತೆಗೆದಿಡಬೇಕಾಗಿಲ್ಲ.

ಈ ಬರಹದ ಕರ್ತೃ ಬಾಲ್ಯದಲ್ಲಿ ಅಂಕೋಲೆಯ ಕಡೆಯ ಅಂಗಳಗಳಲ್ಲಿ ಸುಗ್ಗಿಯ ಗುಮಟೆಯನ್ನು ಕೇಳಿ ಬೆಳೆದು, ಮುಂದೆ ಕಾರವಾರದ ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಬೇಸ್ ಗಿಟಾರ್ ಹಿಡಿದವನಾದ್ದರಿಂದ, ಈ ಎರಡು ಬಗೆಯ ಕಾವುಗಳ ವ್ಯತ್ಯಾಸ ಅವನಿಗೆ ಓದಿ ತಿಳಿದದ್ದಲ್ಲ. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ಪ್ರಿಸಿಷನ್ ಬೇಸ್‌ನಿಂದ ರೂಢಿಗೆ ಬಂದ ಈ ವಾದ್ಯಕ್ಕೆ ಸಾಮಾನ್ಯವಾಗಿ ನಾಲ್ಕು ತಂತಿಗಳಿದ್ದು, ಅತ್ಯಂತ ದಪ್ಪನೆಯದು ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಸಾಧಾರಣ ಗಿಟಾರಿನ ದಪ್ಪ ತಂತಿಯ ಕಂಪನಕ್ಕೆ ಇದು ಅರ್ಧ. ಅಷ್ಟು ತಗ್ಗಿನ ದನಿಗಾಗಿ ತಂತಿ ಉದ್ದವೂ ದಪ್ಪವೂ ಆಗಬೇಕು. ಮೀಟುವ ತಂತಿಯ ಉದ್ದ 34 ಇಂಚು, ದಪ್ಪ ತಂತಿಯ ವ್ಯಾಸ ಎರಡೂವರೆ ಮಿಲಿಮೀಟರಿಗೂ ಮಿಗಿಲು. ಫ್ರೆಟ್ ಎಂದರೆ ವೀಣೆಯ ಮೆಟ್ಟಿನಂತೆ ಕತ್ತಿನ ಮೇಲೆ ಕೂರಿಸಿದ ಲೋಹದ ಪಟ್ಟಿ; ಒಂದನೆಯ ಫ್ರೆಟ್ಟಿನಿಂದ ನಾಲ್ಕನೆಯದಕ್ಕೆ ಇಲ್ಲಿ ಹೆಚ್ಚುಕಡಿಮೆ 13 ಸೆಂಟಿಮೀಟರ್ ಅಂತರ, ಗಿಟಾರಿನಲ್ಲಿ 10ಕ್ಕೂ ಕಡಿಮೆ. ಈ ಅಂತರವನ್ನು ಎಡಗೈಯ ನಾಲ್ಕು ಬೆರಳುಗಳು ಹಂಚಿಕೊಳ್ಳಬೇಕು, ಅದೂ ಕಿರುಬೆರಳನ್ನು ಸೇರಿಸಿಕೊಂಡು.

ಬೆರಳನ್ನು ಮಡಿಸುವ ಮುಖ್ಯ ಸ್ನಾಯುಗಳು ಇರುವುದು ಬೆರಳಿನಲ್ಲಲ್ಲ, ಮೊಣಕೈ ಕೆಳಗಿನ ಮುಂಗೈಯಲ್ಲಿ. ಅಲ್ಲಿಂದ ಹೊರಟ ಸ್ನಾಯುರಜ್ಜುಗಳು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ಎಳೆಗಳು, ಮಣಿಕಟ್ಟಿನ ಇಕ್ಕಟ್ಟಾದ ಹಾದಿಯಲ್ಲಿ ನುಸುಳಿ ಬೆರಳುಗಳನ್ನು ಎಳೆಯುತ್ತವೆ. ತಣ್ಣಗಿರುವ ಕೈಯನ್ನು ಏಕಾಏಕಿ ಅಗಲಿಸಿದರೆ ಹೊರೆಯೆಲ್ಲ ಬೀಳುವುದು ಈ ಎಳೆಗಳ ಮೇಲೆ. ಅದಕ್ಕಾಗಿಯೇ ವಾದಕರು ಮೊದಲು ಭುಜವನ್ನೂ ಮಣಿಕಟ್ಟನ್ನೂ ಮೆಲ್ಲನೆ ತಿರುಗಿಸಿ, ಆಮೇಲೆ ಫ್ರೆಟ್‌ಗಳ ಅಂತರ ಕಿರಿದಾಗಿರುವ ಕತ್ತಿನ ಮೇಲ್ಭಾಗದಲ್ಲಿ ಫ್ರೆಟ್ಟಿಗೊಂದು ಬೆರಳಿನಂತೆ ಒಂದೊಂದೇ ಸ್ವರ ಒತ್ತುತ್ತಾ, ಕೈ ಬಿಸಿಯಾದಂತೆ ಅಗಲವಾದ ಕೆಳ ಫ್ರೆಟ್‌ಗಳಿಗೆ ಇಳಿಯುತ್ತಾರೆ. ವೇಗ ಇಲ್ಲಿ ಮುಖ್ಯವಲ್ಲ. ಉತ್ಸವದ ವೇದಿಕೆಗಳಲ್ಲಿ ಯುವಕರು ಇದನ್ನು ಕೈಚಳಕದ ಪ್ರದರ್ಶನವಾಗಿಸುವುದುಂಟು, ಮೊದಲ ಹಾಡಿಗೇ ಮುಂಗೈ ಹಿಡಿದುಕೊಂಡು ನಿಲ್ಲುವುದೂ ಉಂಟು.

ಕೈಯನ್ನು ಹೀಗೆ ಅಣಿಗೊಳಿಸುವುದನ್ನು ಭಾರತೀಯ ಪರಂಪರೆ ಬಹಳ ಹಿಂದೆಯೇ ಶಾಸ್ತ್ರವಾಗಿ ಕಂಡಿತ್ತು. ಭರತನ ನಾಟ್ಯಶಾಸ್ತ್ರದ ಐದನೆಯ ಅಧ್ಯಾಯವು ಪೂರ್ವರಂಗವನ್ನು, ಅಂದರೆ ನಾಟಕ ತೊಡಗುವ ಮೊದಲಿನ ವಿಧಿಗಳನ್ನು, ವಿವರಿಸುವಾಗ ತಂತಿಗಳನ್ನು ಸಜ್ಜುಗೊಳಿಸುವುದಕ್ಕೆ ಪರಿಘಟ್ಟನಾ ಎಂದೂ ಕೈಗಳ ಕೆಲಸವನ್ನು ವಿಭಾಗಿಸಿ ರೂಢಿಸಿಕೊಳ್ಳುವುದಕ್ಕೆ ಸಂಘೋಟನಾ ಎಂದೂ ಹೆಸರಿಡುತ್ತದೆ. ಮೊದಲ ಒಂಬತ್ತು ಅಂಗಗಳು ತೆರೆಯ ಹಿಂದೆಯೇ ನಡೆಯಬೇಕೆಂದು ವಿಧಿಸುತ್ತದೆ. ಯಕ್ಷಗಾನದವರು ಸಂಜೆ ಹೊತ್ತು ಕೇಳಿ ಹೊಡೆಯುವುದು, ಅಂದರೆ ಇಂದು ಆಟವಿದೆಯೆಂದು ಚಂಡೆ-ಮದ್ದಳೆಗಳಿಂದ ಊರಿಗೆ ಸಾರುವುದು, ಸಾರುವಿಕೆಯ ಜೊತೆಗೆ ಕೈ ಪಳಗಿಸಿಕೊಳ್ಳುವ ಉಪಾಯವೂ ಹೌದೆಂದು ಊಹಿಸಿದರೆ ತಪ್ಪಾಗಲಾರದು.

ಚರ್ಮವಾದ್ಯದವರಿಗೆ ಇಲ್ಲದ ಅನುಕೂಲವೊಂದು ಬೇಸ್ ವಾದಕನಿಗಿದೆ: ಗಟ್ಟಿಮರದ ಈ ವಾದ್ಯವನ್ನು ಆಂಪ್ಲಿಫೈಯರಿಗೆ ಜೋಡಿಸದಿದ್ದರೆ ಅದರ ದನಿ ಪಕ್ಕದಲ್ಲಿ ಕೂತವನಿಗೂ ಸರಿಯಾಗಿ ಕೇಳುವುದಿಲ್ಲ. ಹಾಗಾಗಿ ಉತ್ಸವದ ಪೆಂಡಾಲಿನಲ್ಲಿ ಅತಿಥಿಗಳ ಭಾಷಣ ನಡೆಯುತ್ತಿರುವಾಗ ಈ ಲೇಖಕನು ವೇದಿಕೆಯ ಮೇಲೆಯೇ, ಸಭಿಕರ ಕಣ್ಣೆದುರೇ, ತನ್ನ ಪೂರ್ವರಂಗವನ್ನು ಮುಗಿಸಿಕೊಳ್ಳುತ್ತಾನೆ. ಭಾಷಣಗಳು ದೀರ್ಘವಾದಷ್ಟೂ ಅವನ ಕೈ ಹೆಚ್ಚು ಹದಗೊಂಡಿರುತ್ತದೆ.