ಎಂಜಿನ್ ಮುಂದೆ, ಮನೆ ಹಿಂದೆ

ದಸರಾ ರಜೆಗೆ ಬೆಂಗಳೂರಿನಿಂದ ದಾವಣಗೆರೆಗೆ ಬಂದ ಮಗ, ‘ಅಪ್ಪಾ, ಬೇಸಿಗೆಯಲ್ಲಿ ಎಲ್ಲರೂ ಒಂದು ವಾರ ಮಲೆನಾಡು ಸುತ್ತೋಣ. ಲಾಡ್ಜ್ ಬೇಡ, ಮನೇನೇ ತಗೊಂಡು ಹೋಗೋಣ’ ಎಂದು ಮೊಬೈಲಿನಲ್ಲಿ ಎರಡು ಚಿತ್ರ ತೋರಿಸಿದ. ಒಂದು ಕ್ಯಾಂಪರ್ ವ್ಯಾನ್. ಗಾಡಿಯೇ ಮನೆ. ಡ್ರೈವರ್ ಸೀಟಿನ ಹಿಂದೆಯೇ ಒಲೆ, ಮಂಚ, ಬಚ್ಚಲು. ಇನ್ನೊಂದು ಕಾರಿನ ಹಿಂದೆ ಕಟ್ಟಿ ಎಳೆಯುವ ಕಾರವಾನ್. ಅದಕ್ಕೆ ಚಕ್ರ ಉಂಟು, ಎಂಜಿನ್ ಇಲ್ಲ. ವ್ಯಾನು ಬಾಡಿಗೆಗೆ ಸಿಗುತ್ತದಂತೆ. ಎಳೆಯುವ ಮನೆ ಅವನ ಸ್ನೇಹಿತನ ಹತ್ತಿರ ಇದೆಯಂತೆ.

‘ನಾನು ಬರಲ್ಲಪ್ಪ, ನೀವೇ ಹೋಗಿ ಬರ್ರಿ’ ಎಂದಳು ನನ್ನಾಕೆ.

ಕಾರಣ ನನಗೆ ಗೊತ್ತು. ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಗುಮಾಸ್ತನಾಗಿದ್ದೆ. ಎಲ್‌ಎಫ್‌ಸಿ ಸಿಕ್ಕಾಗಲೆಲ್ಲ ಕಾಶಿ, ರಾಮೇಶ್ವರ, ಪುರಿ ಎಂದು ಸುತ್ತಿದ್ದೇವೆ. ಪ್ರತಿ ಸಲವೂ ಹೊರಡುವ ಹಿಂದಿನ ಸಂಜೆಯಿಂದಲೇ ಅವಳು ನೀರು ಕುಡಿಯುವುದನ್ನು ನಿಲ್ಲಿಸುತ್ತಿದ್ದಳು. ಬಸ್ಸು ನಿಂತರೆ ಗಂಡಸರು ಗಿಡದ ಮರೆ ಹುಡುಕುತ್ತಾರೆ. ಹೆಂಗಸರು ಕಿಟಕಿಯಲ್ಲಿ ಕೂತು ಮುಂದಿನ ಊರು ಎಷ್ಟು ದೂರ ಎಂದು ಕೇಳುತ್ತಾರೆ. ರಾಮೇಶ್ವರದಿಂದ ಬಂದವಳು ಉರಿಮೂತ್ರ, ಜ್ವರ ಎಂದು ಒಂದು ವಾರ ಮಲಗಿದಳು. ನಾನೋ, ಸಿಕ್ಕ ಸಿಕ್ಕ ಸ್ಟ್ಯಾಂಡಿನಲ್ಲಿ ಚಹಾ ಕುಡಿದು ಬಂದವನು. ಈಗ ಅವಳಿಗೆ ಮಂಡಿನೋವು ಬೇರೆ.

ಹನ್ನೊಂದು ವರ್ಷದ ಮೊಮ್ಮಗನ ಓಟು ಎಳೆಯುವ ಮನೆಗೆ. ‘ಅಜ್ಜ, ಮನೇನ ಹೊಳೆ ಹತ್ರ ಬಿಟ್ಟು ಕಾರಲ್ಲಿ ಊರೆಲ್ಲ ತಿರುಗಬಹುದು!’

ನನ್ನಜ್ಜ ಮಾಡುತ್ತಿದ್ದುದೂ ಅದನ್ನೇ. 1960ರ ಸುಮಾರು, ನನಗೆ ಹತ್ತು ವರ್ಷವಿರಬೇಕು. ಭರತ ಹುಣ್ಣಿಮೆಗೆ ಮೈಲಾರದ ಜಾತ್ರೆಗೆ ಕೊಲ್ಲಾರಿ ಬಂಡಿಯಲ್ಲಿ ಹೊರಟೆವು. ಬಂಡಿಯೊಳಗೆ ಹುಲ್ಲು, ಅದರ ಮೇಲೆ ಜಮಖಾನ, ಮೂಲೆಯಲ್ಲಿ ಖಡಕ್ ರೊಟ್ಟಿಯ ಗಂಟು, ಕೆಳಗೆ ತೂಗಾಡುವ ಲಾಟೀನು. ಮುಟ್ಟಿದ ಮೇಲೆ ಅಜ್ಜ ಕೊಳ್ಳುಗಟ್ಟಿದ ಎತ್ತುಗಳನ್ನು ಬಿಚ್ಚಿ ಹೊಳೆಗೆ ಹೊಡೆದುಕೊಂಡು ಹೋದ. ಬಂಡಿ ಅಲ್ಲೇ ನಿಂತು ಮನೆಯಾಯಿತು. ದೊಡ್ಡವರು ಅದರ ಕೆಳಗೆ, ಮಕ್ಕಳು ಮೇಲೆ. ಇಂಗ್ಲೆಂಡಿನಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ಡಾಕ್ಟರು 1885ರಲ್ಲಿ ಕುದುರೆ ಎಳೆಯುವ ಇಂಥದೇ ಒಂದು ಮನೆ ಕಟ್ಟಿಸಿ, ‘ದಿ ವಾಂಡರರ್’ ಎಂದು ಹೆಸರಿಟ್ಟು ದೇಶ ಸುತ್ತಿದರಂತೆ. ಅವರನ್ನು ವಿಹಾರದ ಕಾರವಾನಿನ ಮೂಲಪುರುಷ ಎನ್ನುತ್ತಾರೆ. ನಮ್ಮಜ್ಜನ ಬಂಡಿಗೆ ಹೆಸರಿರಲಿಲ್ಲ, ಅಷ್ಟೇ.

ಈಗ ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ. ಟ್ರ್ಯಾಲಿಗೆ ತಾಡಪಾಲು ಕಟ್ಟಿ ಜನ ಜಾತ್ರೆಗೆ ಹೋಗುತ್ತಾರೆ. ಟ್ರ್ಯಾಲಿಯಲ್ಲಿ ಜನರನ್ನು ಕೂರಿಸುವುದು ಕಾನೂನಿಗೆ ವಿರುದ್ಧ, ಪ್ರಾಣಕ್ಕೂ ಅಪಾಯ. ಮಗುಚಿ ಬಿದ್ದ ಸುದ್ದಿ ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ. ಎಳೆಯುವ ಕಾರವಾನಿಗೂ ಇದೇ ಮಾತು. ಓಡುವಾಗ ಅದರೊಳಗೆ ಯಾರೂ ಕೂರಬಾರದು.

ಹರಿಹರದ ಆಚೆ ಹೊಳೆಸಾಲಿನ ಹಳ್ಳಿಯಲ್ಲಿ ನಮ್ಮ ಸಂಬಂಧಿಕರೊಬ್ಬರ ಹೊಲ. ಮಗನನ್ನು ಅಲ್ಲಿಗೆ ಕರೆದೊಯ್ದು, ‘ಮೊದಲು ಖಾಲಿ ಟ್ರ್ಯಾಲಿಯನ್ನು ರಿವರ್ಸ್ ಹಾಕಿ ತೋರಿಸು’ ಎಂದೆ. ಅವನು ಕಾರು ಹಿಂದಕ್ಕೆ ತೆಗೆಯುವಂತೆ ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದ. ಟ್ರ್ಯಾಲಿ ಬಲಕ್ಕೆ ಹೋಯಿತು! ಗಾಬರಿಯಲ್ಲಿ ಇನ್ನಷ್ಟು ತಿರುಗಿಸಿದ. ಎರಡೂ ಸೇರಿ ಚಾಕುವಿನಂತೆ ಮಡಚಿಕೊಂಡು ಮೇವಿನ ಬಣವೆಗೆ ತಾಗಿ ನಿಂತವು. ಮನೆಯವರ ಹದಿನೆಂಟರ ಹುಡುಗ ಹತ್ತಿ, ಬೀಡಿ ಸೇದುವಷ್ಟು ಹೊತ್ತಿನಲ್ಲಿ ಸರಿಮಾಡಿದ. (ಅವನು ಬೀಡಿ ಸೇದುವುದಿಲ್ಲ, ಮಾತಿಗೆ ಹೇಳಿದೆ.) ಟ್ರ್ಯಾಲಿಗೆ ಬೇರೆ ರಿಜಿಸ್ಟ್ರೇಷನ್, ಬೇರೆ ನಂಬರು ಎಂದೂ ಅವನೇ ಹೇಳಿದ. ಕಾರು, ಕಾರವಾನ್ ಸೇರಿದರೆ ಉದ್ದ ಮೂವತ್ತು ಅಡಿ. ಆಗುಂಬೆ ಘಾಟಿಯ ಒಂದು ತಿರುವಿನಲ್ಲಿ ಹಿಂದೆ ಸರಿಯಬೇಕಾದರೆ? ಮಗ ಮಾತಾಡಲಿಲ್ಲ.

ಡಿಸೆಂಬರಿನ ಒಂದು ಶನಿವಾರ ಅವನೇ ಬಾಡಿಗೆ ವ್ಯಾನು ಓಡಿಸಿಕೊಂಡು ಬಂದ. ಓಣಿಯ ಮಕ್ಕಳೆಲ್ಲ ಹತ್ತಿ ಇಳಿದರು. ಮರುದಿನ ಹರಿಹರಕ್ಕೆ ಟ್ರಯಲ್. ‘ಒಳಗೇ ಬೆಣ್ಣೆ ದೋಸೆ ಮಾಡೋಣವಾ?’ ಎಂದೆ. ‘ಆ ಒಲೆ ಮೇಲೆ ಬೆಣ್ಣೆ ದೋಸೆಯಾ? ಚಹಾ ಕಾಸಿಕೊಳ್ಳಿ ಸಾಕು’ ಎಂದಳು. ದೋಸೆ ಹೋಟೆಲಿನ ಮುಂದೆ ನಿಲ್ಲಿಸಲು ಹೋದರೆ ವ್ಯಾನಿಗೆ ಎರಡು ಕಾರಿನ ಜಾಗ ಬೇಕು. ಪಾರ್ಸಲ್ ತಂದು ರಸ್ತೆ ಬದಿ ಒಳಗೆ ಕೂತು ತಿಂದೆವು.

ಹರಿಹರ ಹದಿನೈದು ಕಿಲೋಮೀಟರೂ ಇಲ್ಲ. ಆದರೆ ದೇವಸ್ಥಾನದ ಬೀದಿಗೆ ವ್ಯಾನು ನುಗ್ಗಲಿಲ್ಲ. ಅಗಲ ರಸ್ತೆಯಲ್ಲಿ ಬಿಟ್ಟು ಆಟೋ ಹಿಡಿದೆವು. ‘ನಾನು ಹೇಳಲಿಲ್ವಾ? ಮನೆ ಬಿಚ್ಚಿಟ್ಟು ಕಾರಲ್ಲಿ ಬರಬಹುದಿತ್ತು’ ಎಂದ ಮೊಮ್ಮಗ. ಅವನ ಮಾತು ಸುಳ್ಳಲ್ಲ.

ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಎರಡನೇ ನರಸಿಂಹನ ಕಾಲದಲ್ಲಿ, 1224ರಲ್ಲಿ ದಂಡನಾಯಕ ಪೋಲಾಳ್ವ ಕಟ್ಟಿಸಿದ. ಬಳಪದ ಕಲ್ಲಿನ ಕಡೆದ ಕಂಬಗಳು ಈಗಲೂ ಕನ್ನಡಿಯಂತೆ ಹೊಳೆಯುತ್ತವೆ. ಗರ್ಭಗುಡಿಯಲ್ಲಿ ಒಂದೇ ವಿಗ್ರಹ, ಬಲಭಾಗ ಶಿವ, ಎಡಭಾಗ ವಿಷ್ಣು. ಕೈಮುಗಿದು ಹೊರಬಂದ ನನ್ನಾಕೆ, ‘ನಿಮ್ಮ ವ್ಯಾನೂ ಹೀಗೇ, ಎರಡೂ ಒಂದೇ ಮೈಯಲ್ಲಿ’ ಎಂದಳು. ‘ಎಂಜಿನ್ ಕೆಟ್ಟರೆ ಮನೆಯೂ ಗ್ಯಾರೇಜಿಗೆ’ ಎಂದು ಸೇರಿಸಿದೆ. ಸುಮ್ಮನಿರಬೇಕಿತ್ತು.

ಸಂಜೆ ತುಂಗಭದ್ರೆಯ ದಂಡೆಯಲ್ಲಿ ಕೂತು ಹಳೆಯ ಅಭ್ಯಾಸದಂತೆ ಕಾಗದದಲ್ಲಿ ಗೆರೆ ಎಳೆದು ಜಮಾ, ಖರ್ಚು ಬರೆದೆ. ಎಳೆಯುವ ಮನೆಗೆ ಬಾಡಿಗೆ ಇಲ್ಲ. ಒಂದೇ ಊರಿನಲ್ಲಿ ನಾಲ್ಕು ದಿನ ತಂಗುವವರಿಗೆ ಅದೇ ಲೇಸು. ನಾವೋ ದಿನಕ್ಕೊಂದು ಊರು ನೋಡುವವರು. ಬಚ್ಚಲು ಎರಡರಲ್ಲೂ ಉಂಟು. ಆದರೆ ಎಳೆಯುವ ಮನೆಯದಕ್ಕೆ ಹೆದ್ದಾರಿ ಬದಿ ಕಾರಿನಿಂದ ಇಳಿದು, ಲಾರಿಗಳ ಗಾಳಿಗೆ ಸೆರಗು ಹಿಡಿದು ಹಿಂದಕ್ಕೆ ನಡೆದು, ಮತ್ತೆ ಮೆಟ್ಟಿಲು ಹತ್ತಬೇಕು. ವ್ಯಾನಿನಲ್ಲಿ ಗಾಡಿ ನಿಲ್ಲಿಸಿದರೆ ಸಾಕು, ಸೀಟಿನಿಂದ ಎದ್ದು ನಾಲ್ಕು ಹೆಜ್ಜೆ. ಈ ನಾಲ್ಕು ಹೆಜ್ಜೆಗೆ ಎಷ್ಟು ರೂಪಾಯಿ ಹಾಕಬೇಕೆಂದು ಬಿ.ಕಾಂ.ನಲ್ಲಿ ಕಲಿಸಿರಲಿಲ್ಲ. ಉಳಿದ ಅಂಕಣಗಳನ್ನು ಕೂಡಿಸದೆ ಕಾಗದ ಮಡಚಿದೆ.

ಒಂದು ಪ್ರಶ್ನೆ ಉಳಿಯಿತು. ಆ ಬಚ್ಚಲಿನ ಕೆಳಗೆ ಸೂಟ್‌ಕೇಸಿನಂಥ ಡಬ್ಬಿ. ತುಂಬಿದಾಗ ಹೊರಗೆಳೆದು, ಒಯ್ದು, ಸರಿಯಾದ ಶೌಚಾಲಯದಲ್ಲೇ ಸುರಿದು ತೊಳೆಯಬೇಕು. ಹೊಳೆಗೆ, ಚರಂಡಿಗೆ ಸುರಿಯುವಂತಿಲ್ಲ. ಯಾರು ಮಾಡುವವರು? ಮೊಮ್ಮಗ ಮೂಗು ಹಿಡಿದ. ಮಗ ಸೊಸೆಯ ಮುಖ ನೋಡಿದ, ಸೊಸೆ ಹೊಳೆ ನೋಡಿದಳು.

‘ಅದು ನನ್ನ ಕೆಲಸ’ ಎಂದೆ.

ನನ್ನಾಕೆ ಏನೂ ಹೇಳಲಿಲ್ಲ. ವ್ಯಾನು ದಾವಣಗೆರೆಯ ಕಡೆ ಹೊರಟಾಗ ಬಾಟಲಿಯ ಮುಚ್ಚಳ ತೆಗೆದು ಗಟಗಟ ನೀರು ಕುಡಿದಳು. ಬಾತಿ ಗುಡ್ಡ ಕಾಣುವ ಹೊತ್ತಿಗೆ ಬಾಟಲಿ ಖಾಲಿ.